ಬೀದಿಯಲ್ಲಿ ಹೊಡೆದರೆ ಕೇಸು, ರಿಂಗಿನಲ್ಲಿ ಹೊಡೆದರೆ ಟಿಕೆಟ್ಟಾ?

ಮುಂಬೈಯ ಮಾಟುಂಗಾದ ಮದುವೆ ಹಾಲಿನಲ್ಲಾಗಲಿ, ಸಂಘದ ಕಾರ್ಯಕ್ರಮದ ಚಹಾ ಹೊತ್ತಿನಲ್ಲಾಗಲಿ, ನಾನು ಬಾಕ್ಸಿಂಗ್ ಕಲಿಸುವವನೆಂದು ಗೊತ್ತಾದ ಕೂಡಲೇ ಯಾರಾದರೂ ಕೇಳುತ್ತಾರೆ: "ಅಲ್ಲ ಮಾರಾಯ್ರೇ, ಬೀದಿಯಲ್ಲಿ ಹೊಡೆದ್ರೆ ಪೊಲೀಸರು ಎಳ್ಕೊಂಡು ಹೋಗ್ತಾರೆ. ದುಡ್ಡಿಗೆ ಹೊಡೆದಾಡುವ ನಿಮ್ಮ ಪ್ರೊ ಬಾಕ್ಸಿಂಗಿಗೆ ಅವರೇ ಬಂದೋಬಸ್ತು. ಇದಕ್ಕೆ ಸರ್ಕಾರದ ಕಾನೂನು ಅಂತ ಏನಾದ್ರೂ ಉಂಟಾ?"

ಉಂಟು. ಆದರೆ ಬಾಕ್ಸಿಂಗಿಗೆಂದೇ ಮಾಡಿದ್ದಲ್ಲ.

ಹೊಡೆತ ಅಪರಾಧವಾಗದೆ ಉಳಿಯುವುದು ಒಪ್ಪಿಗೆಯ ಬಲದಿಂದ. ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ (ಹಳೆಯ ದಂಡ ಸಂಹಿತೆಯಲ್ಲಿ 87) ಪ್ರಕಾರ, 18 ದಾಟಿದವರು ಒಪ್ಪಿಕೊಂಡು ಆಡುವಾಗ ತಗುಲಿದ ಪೆಟ್ಟು ಅಪರಾಧವಲ್ಲ. ಸಾಯಿಸುವ, ತೀವ್ರ ಗಾಯ ಮಾಡುವ ಉದ್ದೇಶವಾಗಲಿ, ಹಾಗಾದೀತೆಂಬ ಅರಿವಾಗಲಿ ಇರಬಾರದು, ಅಷ್ಟೇ. ಅಲ್ಲಿ ಕೊಟ್ಟಿರುವ ಉದಾಹರಣೆ ಕತ್ತಿವರಸೆಯದು. ಎದುರಾಳಿಯನ್ನು ಎಚ್ಚರ ತಪ್ಪಿಸಿದರೆ ಗೆಲುವು ಎನ್ನುವ ಆಟ ಅದನ್ನು ಬರೆದವರ ಮನಸ್ಸಿನಲ್ಲಿ ಇದ್ದಿರಲಾರದು.

ಇನ್ನು ಪರವಾನಗಿ. ಮುಂಬೈಯಲ್ಲಿ ಇದು 1951ರ ಪೊಲೀಸ್ ಕಾಯ್ದೆಯಡಿ ಮಾಡಿದ 1960ರ ಸಾರ್ವಜನಿಕ ಮನರಂಜನೆಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಮೇಳ, ತಮಾಷಾಗಳೂ ಅದರೊಳಗೇ. ಬಾಗಿಲು ಎಷ್ಟು, ಬೆಂಕಿ ಬಿದ್ದರೆ ಏನು, ಜನ ಎಷ್ಟು ಸೇರುತ್ತಾರೆ, ಗದ್ದಲ ಎಷ್ಟು ಹೊತ್ತಿನವರೆಗೆ ಎಂಬುದು ಆ ಪರವಾನಗಿಯ ಚಿಂತೆ. ಪ್ರೇಕ್ಷಕರಿಗೆ ಅದು ಬೇಕೇ ಬೇಕು. ರಿಂಗಿನೊಳಗಿನ ಇಬ್ಬರ ತಲೆಯ ಕಥೆ ಖಾಸಗಿ ಸಂಸ್ಥೆಗಳ ಕೈಯಲ್ಲಿ. ಬಾಕ್ಸರನಿಗೆ ಲೈಸೆನ್ಸ್ ಕೊಡುವವರೂ ಪಂದ್ಯಕ್ಕೆ ಒಪ್ಪಿಗೆ ಕೊಡುವವರೂ ಅವರೇ.

ನನ್ನ ತಕರಾರು ಇಲ್ಲೇ. ಸುತ್ತು ಸುತ್ತಿನ ನಡುವೆ ಸಿಗುವುದು ಒಂದೇ ನಿಮಿಷ. ಕೋಚ್ ಐಸ್‌ನಲ್ಲಿಟ್ಟ ಲೋಹದ ತುಂಡನ್ನು ಊದಿದ ಕಣ್ಣಿಗೆ ಒತ್ತುತ್ತಾನೆ, ಹುಡುಗ ನೀರು ಮುಕ್ಕಳಿಸಿ ಬಕೆಟ್ಟಿಗೆ ಉಗುಳುತ್ತಾನೆ, "ಹೂಂ, ಆಡ್ತೇನೆ" ಎನ್ನುತ್ತಾನೆ. ಎಲ್ಲರೂ ಹಾಗೇ ಅನ್ನುವುದು. ಆ ಹೊತ್ತಿಗೆ ಹಗ್ಗದಾಚೆಯಿಂದ ಬಗ್ಗಿ ನೋಡಿ "ಸಾಕು" ಎನ್ನುವ ಡಾಕ್ಟರು ಬೇಕು. ಅವರ ಸಂಬಳ ಪಂದ್ಯ ಏರ್ಪಡಿಸುವ ಪ್ರೊಮೋಟರನ ಜೇಬಿನಿಂದ ಬಂದರೂ ಮಾತು ಪ್ರೊಮೋಟರನದ್ದಾಗಬಾರದು.

ಅಮೆರಿಕದ 1996ರ ಬಾಕ್ಸಿಂಗ್ ಸುರಕ್ಷತಾ ಕಾಯ್ದೆ ಇದನ್ನೇ ಬರೆದಿಟ್ಟಿತು: ಪಂದ್ಯಕ್ಕೆ ಮೊದಲು ತಪಾಸಣೆ, ರಿಂಗಿನ ಪಕ್ಕ ಸದಾ ಡಾಕ್ಟರು, ಆಂಬುಲೆನ್ಸ್ ಅಥವಾ ಉಸಿರು ಮರಳಿಸುವ ಸಲಕರಣೆಯಿರುವ ವೈದ್ಯಕೀಯ ಸಿಬ್ಬಂದಿ, ವಿಮೆ. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಬಾಕ್ಸರನ ಗುರುತಿನ ಚೀಟಿ. ಅದು ಇರುವುದರಿಂದ, ನಾಕೌಟಾಗಿ ಒಂದು ರಾಜ್ಯದಲ್ಲಿ ಅಮಾನತಾದವನು ಇನ್ನೊಂದಕ್ಕೆ ಹೋಗಿ ಆಡುವಂತಿಲ್ಲ. ನಮ್ಮಲ್ಲಿ? 2017ರಲ್ಲಿ ಹೆಸರಾಂತ ಬಾಕ್ಸರ್ ವಿಜೇಂದರ್ ಸಿಂಗ್ ಮುಂಬೈಯ ವರ್ಲಿಯ ಡೋಮ್ ಕ್ರೀಡಾಂಗಣದಲ್ಲಿ ಗೆದ್ದ, 2021ರಲ್ಲಿ ಪಣಜಿಯಲ್ಲಿ ಕ್ಯಾಸಿನೊ ಹಡಗಿನ ಮೇಲೆ ಸೋತ. ಅಂಥವನ ಮೇಲೆ ದೇಶದ ಕಣ್ಣಿರುತ್ತದೆ. ಮೂರನೇ ಪಂದ್ಯ ಆಡುವ ಹುಡುಗ ಗೋವಾದಲ್ಲಿ ಬಿದ್ದು ಎರಡು ವಾರಕ್ಕೆ ಪುಣೆಯಲ್ಲಿ ಗ್ಲೌಸ್ ಹಾಕಿದರೆ ತಡೆಯುವ ಸರ್ಕಾರಿ ದಾಖಲೆ ಯಾವುದಿದೆ?

ಖಾಸಗಿ ಮಂಡಳಿಯೇ ಸಾಕು ಎನ್ನುವವರಿಗೆ ಬ್ರಿಟನ್ನಿನ ಬಾಕ್ಸರ್ ಮೈಕಲ್ ವಾಟ್ಸನ್ ಹೆಸರು ಹೇಳುತ್ತೇನೆ. 1991ರಲ್ಲಿ ಲಂಡನ್ನಿನಲ್ಲಿ ಕ್ರಿಸ್ ಯೂಬ್ಯಾಂಕ್ ಎದುರು ಕುಸಿದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ರಿಂಗಿನ ಪಕ್ಕ ತಕ್ಕ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳದ್ದು ಅಲ್ಲಿನ ಬಾಕ್ಸಿಂಗ್ ಮಂಡಳಿಯದೇ ತಪ್ಪೆಂದು ಕೋರ್ಟು ಹೇಳಿತು. ಸರ್ಕಾರದ್ದಲ್ಲದ ಆ ಮಂಡಳಿ ಕೊನೆಗೆ ನಾಲ್ಕು ಲಕ್ಷ ಪೌಂಡಿಗೆ ರಾಜಿ ಮಾಡಿಕೊಂಡಿತು. ಅಷ್ಟು ದೂರ ಯಾಕೆ, 2022ರ ಜುಲೈಯಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಬಿದ್ದ ಮೈಸೂರಿನ ಹುಡುಗ ಬದುಕಲಿಲ್ಲ. ಅಲ್ಲಿ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲವೆಂಬುದು ಮನೆಯವರ ಆರೋಪ.

"ಹಾಗಾದ್ರೆ ಬ್ಯಾನ್ ಮಾಡ್ಲಿ" ಅನ್ನುತ್ತೀರಿ. ಸ್ವೀಡನ್ 1970ರಲ್ಲಿ ನಿಷೇಧಿಸಿ ದಶಕಗಳ ನಂತರ ಬಿಟ್ಟಿತು, ನಾರ್ವೆಯೂ 2014ರಲ್ಲಿ ತೆಗೆಯಿತು. ಇಲ್ಲಿ ನಿಷೇಧ ಬಂದರೆ ಪಂದ್ಯ ನಿಲ್ಲದು, ಗೋಡೌನಿಗೆ ಹೋಗುತ್ತದೆ. ಅಲ್ಲಿಗೆ ಡಾಕ್ಟರು ಬರುವುದಿಲ್ಲ.

ಕಾನೂನು ಬರುವ ತನಕ, ಮಗನನ್ನು ಪ್ರೊ ಪಂದ್ಯಕ್ಕೆ ಕಳಿಸುವ ತಂದೆತಾಯಿಯರು ಪ್ರೊಮೋಟರನನ್ನು ಕೇಳಿ: ಆಂಬುಲೆನ್ಸ್ ಗೇಟಿನಲ್ಲೇ ಇರುತ್ತದಾ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ರಾತ್ರಿ ನ್ಯೂರೋಸರ್ಜನ್ ಇರುತ್ತಾರೆ, ಎದುರಾಳಿಯ ಹಿಂದಿನ ಪಂದ್ಯ ಯಾವಾಗ. ಪೊಲೀಸ್ ಪರವಾನಗಿಯ ಕಾಗದ ತೋರಿಸಿದರೆ, ಅದನ್ನು ನೋಡಿ ಹಿಂದಕ್ಕೆ ಕೊಟ್ಟು, ಇನ್ನೊಮ್ಮೆ ಕೇಳಿ.