20 ವರ್ಷದ ಹೋಮ್ ಲೋನ್ 9 ವರ್ಷಕ್ಕೆ ಹೇಗೆ ಮುಗಿಯಿತು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಆಫೀಸಿನಲ್ಲಿ ಯಾರಿಗಾದರೂ ಹೋಮ್ ಲೋನ್ ಸ್ಯಾಂಕ್ಷನ್ ಆದರೆ ಸಾಕು, ಒಂದು ವಾರದೊಳಗೆ ನನ್ನ ಟೇಬಲ್ ಹತ್ತಿರ ಬರುತ್ತಾರೆ. "ಅಕ್ಕಾ, ನೀವು ಇಪ್ಪತ್ತು ವರ್ಷದ ಲೋನನ್ನ ಒಂಬತ್ತು ವರ್ಷಕ್ಕೆ ತೀರಿಸಿದ್ರಂತೆ. ಹೇಗೆ? ಏನೇನು ಬಿಟ್ರಿ?" ಕೇಳುವಾಗ ಮುಖದಲ್ಲಿ ಒಂದು ಸಣ್ಣ ಹೆದರಿಕೆ ಇರುತ್ತದೆ. ಹೋಟೆಲ್ ಬಿಡಿ, ಸಿನಿಮಾ ಬಿಡಿ, ಸೀರೆ ಬಿಡಿ ಅಂತ ಹೇಳುತ್ತೇನೆ ಅಂದುಕೊಂಡಿರುತ್ತಾರೆ. ನಿಂತಲ್ಲೇ ಐದು ನಿಮಿಷ ಏನೋ ಹೇಳಿ ಕಳಿಸುತ್ತೇನೆ. ಅವರು ಹೋದ ಮೇಲೆ, ಮುಖ್ಯವಾದದ್ದನ್ನೇ ಹೇಳಲಿಲ್ಲವಲ್ಲ ಅನ್ನಿಸುತ್ತದೆ. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಮೈಸೂರಿನ ಬೋಗಾದಿ ಕಡೆ. ಥರ್ಟಿ ಫಾರ್ಟಿ ಸೈಟು. ಕೆಳಗೆ ಎರಡು ಬೆಡ್‌ರೂಮಿನ ಮನೆ, ಮೇಲೆ ಒಂದು ರೂಮು, ಹಾಲು, ಸಣ್ಣ ಅಡುಗೆಮನೆ. ಮನೆ ಮುಗಿದು, ಸಾಲದ ಕೊನೆಯ ಭಾಗವೂ ಕೈಗೆ ಬಂದು, 2013ರ ಡಿಸೆಂಬರಿನಿಂದ ಪೂರ್ತಿ ಇಎಂಐ ಶುರುವಾಯಿತು. ಸಾಲ 22 ಲಕ್ಷ, ಬಡ್ಡಿ 10.25%, ಅವಧಿ 240 ತಿಂಗಳು, ಇಎಂಐ 21,596 ರೂಪಾಯಿ. ನಮ್ಮನೆಯವರು ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ನಾನು ಅಕೌಂಟ್ಸ್ ಸೆಕ್ಷನ್ನಿನಲ್ಲಿ ದಿನವಿಡೀ ಬೇರೆಯವರ ಲೆಕ್ಕ ಬರೆಯುವವಳು.

ಒಂದು ವರ್ಷ ತಪ್ಪದೆ ಕಟ್ಟಿದೆವು. 2014ರ ಡಿಸೆಂಬರಿನಲ್ಲಿ ಟ್ಯಾಕ್ಸ್ ಲೆಕ್ಕಕ್ಕೆ ಅಂತ ಬ್ಯಾಂಕಿನಿಂದ ಲೋನ್ ಸ್ಟೇಟ್‌ಮೆಂಟ್ ತಂದೆ. ರಾತ್ರಿ ಊಟ ಆದ ಮೇಲೆ ಪೆನ್ಸಿಲ್ ಹಿಡಿದು ಕೂತೆ. ಹನ್ನೆರಡು ತಿಂಗಳಲ್ಲಿ ನಾವು ಕಟ್ಟಿದ್ದು 2,59,152 ರೂಪಾಯಿ. ಅಸಲಿನಲ್ಲಿ ಇಳಿದದ್ದು 35,283. ಮೊದಲು ತಪ್ಪಾಗಿ ಓದಿದೆ ಅಂದುಕೊಂಡೆ. ಇನ್ನೊಂದು ಸಲ ಕೂಡಿದೆ. ಮೊದಲನೇ ತಿಂಗಳ ಇಎಂಐಯಲ್ಲಿ 18,792 ಬಡ್ಡಿಗೆ ಹೋಗಿತ್ತು, ಅಸಲಿಗೆ ಹೋದದ್ದು 2,804. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಬಾಕಿ ಜಾಸ್ತಿ ಇರುವಾಗ ಬಡ್ಡಿ ಜಾಸ್ತಿ, ಬಡ್ಡಿ ಹೋಗಿ ಉಳಿದದ್ದು ಅಸಲಿಗೆ. ಇದನ್ನು ನಾನು ಬಿಕಾಂನಲ್ಲಿ ಓದಿದ್ದೆ. ನಮ್ಮದೇ ದುಡ್ಡಿನಲ್ಲಿ ನೋಡಿದ್ದು ಅವತ್ತೇ ಮೊದಲು.

ನನ್ನ ತಲೆಯಲ್ಲಿ ಕೂತದ್ದು ಆ 35,283. ಯಾಕೆಂದರೆ ಅದು ಅಷ್ಟೇನೂ ದೊಡ್ಡ ಮೊತ್ತ ಅಲ್ಲ, ಅಲ್ವಾ? ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟರೆ ಆಗ ನಮ್ಮ ರಸ್ತೆಯಲ್ಲಿ 7,500 ಬರುತ್ತಿತ್ತು. ಐದು ತಿಂಗಳ ಬಾಡಿಗೆ 37,500. ಅಂದರೆ ವರ್ಷವಿಡೀ ಇಎಂಐ ಕಟ್ಟಿ ಇಳಿಸಿದಷ್ಟು ಅಸಲನ್ನು ಬರೀ ಐದು ತಿಂಗಳ ಬಾಡಿಗೆಯಲ್ಲಿ ಇಳಿಸಬಹುದು. ಇಎಂಐ ಮೇಲೆ ಕಟ್ಟುವ ಪ್ರತಿ ರೂಪಾಯಿಯೂ ಸೀದಾ ಅಸಲಿಗೇ ಹೋಗುತ್ತದೆ.

ಯಾರು ಏನು ಕೇಳಿದರೂ ನನ್ನ ಉತ್ತರ ಇದರ ಸುತ್ತಲೇ ಇರುತ್ತದೆ. ಎಷ್ಟು ಉಳಿಸಿದಿರಿ ಅನ್ನುವುದಕ್ಕಿಂತ ಯಾವಾಗ ಕಟ್ಟಿದಿರಿ ಅನ್ನುವುದು ದೊಡ್ಡದು. ಒಂದು ಉದಾಹರಣೆ ನೋಡಿ. 30 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಅಂದರೆ ಇಎಂಐ ಸುಮಾರು 26,035. ಮೊದಲ ವರ್ಷದ ಕೊನೆಗೆ ಒಂದು ಲಕ್ಷ ಹೆಚ್ಚಿಗೆ ಕಟ್ಟಿದರೆ ಕೊನೆಯ 18 ಕಂತು ತಪ್ಪುತ್ತದೆ. ಅದು ಹತ್ತಿರ ಹತ್ತಿರ 4.7 ಲಕ್ಷ. ಅದೇ ಒಂದು ಲಕ್ಷವನ್ನು 15 ವರ್ಷ ಆದ ಮೇಲೆ ಕಟ್ಟಿದರೆ ತಪ್ಪುವುದು ಆರು ಕಂತೂ ಇಲ್ಲ. ಸಂಬಳ ಹೆಚ್ಚಾಗಲಿ, ಮಕ್ಕಳ ಓದು ಮುಗಿಯಲಿ, ಆಮೇಲೆ ತೀರಿಸೋಣ ಅನ್ನುವವರಿಗೆ ನಾನು ಈ ಎರಡು ಅಂಕಿಗಳನ್ನೇ ಬರೆದು ತೋರಿಸುತ್ತೇನೆ.

2015ರ ಜನವರಿಯಲ್ಲಿ ನಾವು ಮೇಲಿನ ಮನೆಗೆ ಹೋದೆವು. ಕೆಳಗಿನದನ್ನು ಬಾಡಿಗೆಗೆ ಕೊಟ್ಟೆವು. ಏನು ಬಿಟ್ಟಿರಿ ಅಂತ ಕೇಳುತ್ತಾರಲ್ಲ, ಬಿಟ್ಟದ್ದು ಅದನ್ನೇ. ಆಸೆಪಟ್ಟು ಕಟ್ಟಿಸಿದ ಅಡುಗೆಮನೆ, ಹಿತ್ತಲಿನ ತುಳಸಿ ಕಟ್ಟೆ, ಮಗಳಿಗೆ ಅಂತ ಬಣ್ಣ ಹಚ್ಚಿಸಿದ ರೂಮು. ಪಕ್ಕದ ಮನೆಯವರು "ಸ್ವಂತ ಮನೆ ಕಟ್ಟಿಸಿ ಬಾಡಿಗೆಯವರ ಥರ ಮೇಲೆ ಇದ್ದೀರಲ್ಲಾ" ಅಂದರು. ನಮ್ಮ ಅತ್ತೆ ಮಾತ್ರ ಬೇಜಾರಿನ ಒಂದು ಮಾತೂ ಆಡಲಿಲ್ಲ. "ಸಾಲ ಇರೋ ತನಕ ಕೆಳಗಿನ ಮನೆಯೂ ಬ್ಯಾಂಕಿನದೇ ಕಣಮ್ಮ" ಅಂದು ದೇವರ ಫೋಟೋಗಳನ್ನು ತಾವೇ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಹದಿನೆಂಟು ಮೆಟ್ಟಿಲು. ನಾಲ್ಕು ವರ್ಷ ಅವರು ಅದನ್ನು ಹತ್ತಿ ಇಳಿದರು. 2018ರ ಕೊನೆಗೆ ಅವರ ಮಂಡಿ ಊದಿಕೊಂಡು, ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡಿದ ದಿನವೇ ಬಾಡಿಗೆಯವರಿಗೆ ಹೇಳಿ ನಾವು ಕೆಳಗೆ ಬಂದೆವು. ಒಂದು ವರ್ಷ ಮೊದಲೇ ಬರಬೇಕಿತ್ತು. ಇದು ನನಗೆ ಈಗಲೂ ನೋವು ಕೊಡುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಅವರನ್ನು ನೋಡಿಕೊಂಡು ಲೆಕ್ಕ ಹಾಕಿ.

ಬಾಡಿಗೆ ಬಂದ ದಿನವೇ ಲೋನ್ ಅಕೌಂಟಿಗೆ ಹಾಕುತ್ತಿದ್ದೆ. ಅದೇ ದಿನ. ನಮ್ಮ ಬ್ಯಾಂಕಿನಲ್ಲಿ ದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ. ಆದರೆ ಆತುರಕ್ಕೆ ನಿಜವಾದ ಕಾರಣ ಬೇರೆ. ಸೇವಿಂಗ್ಸ್ ಅಕೌಂಟಿನಲ್ಲಿ ಹತ್ತು ದಿನ ಇದ್ದ ದುಡ್ಡು ಹನ್ನೊಂದನೇ ದಿನಕ್ಕೆ ಎಲ್ಲಾದರೂ ಹೋಗಿಬಿಡುತ್ತದೆ. ಬೋನಸ್ಸು, ಅರಿಯರ್ಸ್, ಆಫೀಸಿನ ಚೀಟಿ ಎತ್ತಿದ ದುಡ್ಡು, ಎಲ್ಲಕ್ಕೂ ಇದೇ ನಿಯಮ. ಕೆಳಗೆ ಬಂದ ಮೇಲೆ ಮೇಲಿನ ಮನೆಯ ಬಾಡಿಗೆ ಬರುತ್ತಿತ್ತು. ಸಂಬಳವೂ ಸ್ವಲ್ಪ ಏರಿತ್ತು. ಎಲ್ಲ ಸೇರಿ ಸರಾಸರಿ ತಿಂಗಳಿಗೆ ಒಂಬತ್ತೂವರೆ ಸಾವಿರದಷ್ಟು ಹೆಚ್ಚಿಗೆ ಕಟ್ಟಿದ್ದೇವೆ. 2023ರ ಜನವರಿಯಲ್ಲಿ ಸಾಲ ಮುಗಿಯಿತು. ಒಟ್ಟು ಬಡ್ಡಿ ಹನ್ನೊಂದು ಲಕ್ಷದ ಹತ್ತಿರ ಆಯಿತು. 10.25% ಹಾಗೇ ಇದ್ದು ಇಪ್ಪತ್ತು ವರ್ಷವೂ ಕಟ್ಟಿದ್ದರೆ ಅದು ಮೂವತ್ತು ಲಕ್ಷದ ಹತ್ತಿರ ಆಗುತ್ತಿತ್ತು.

ಮನೆ ಖರ್ಚಿನ ವಿಷಯದಲ್ಲಿ ನಾವು ದೊಡ್ಡ ಸಾಹಸವೇನೂ ಮಾಡಲಿಲ್ಲ. ಕಾರು ತೆಗೆದುಕೊಳ್ಳಲಿಲ್ಲ, ಸ್ಕೂಟರ್ ಸಾಕಾಯಿತು. ಅಕ್ಷಯ ತೃತೀಯಕ್ಕೆ ಚಿನ್ನ ಅಂತ ಹೋಗಲಿಲ್ಲ. ಬಿಸಿನೀರಿಗೆ ಸೋಲಾರ್ ಇತ್ತು. ತರಕಾರಿ ವಾರಕ್ಕೊಮ್ಮೆ ದೇವರಾಜ ಮಾರ್ಕೆಟ್ಟಿನಿಂದ, ರಾಗಿ ಊರಿನಿಂದ. ಭಾನುವಾರ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿನ್ನುವುದನ್ನು ನಿಲ್ಲಿಸಲಿಲ್ಲ. ಮಗಳ ಸಂಗೀತ ಪಾಠವನ್ನೂ ನಿಲ್ಲಿಸಲಿಲ್ಲ. ಕಾಫಿ ಪುಡಿ ಅಗ್ಗದ್ದು ತಂದು ಒಂದು ತಿಂಗಳು ನೋಡಿದೆವು, ಮನೆಯಲ್ಲಿ ಎಲ್ಲರ ಮುಖ ಸಪ್ಪಗಾಯಿತು, ಉಳಿದದ್ದು ನೂರೈವತ್ತು ರೂಪಾಯಿ. ವಾಪಸ್ ಹಳೇ ಪುಡಿಗೇ ಬಂದೆವು. ಚಿಲ್ಲರೆ ಖರ್ಚನ್ನು ಹಿಂಡಿ ಹಿಂಡಿ ಮನೆ ಸಾಲ ತೀರುವುದಿಲ್ಲ. ದೊಡ್ಡದೊಂದು ಖರ್ಚನ್ನು ಹಿಡಿದು ನಿಲ್ಲಿಸಿದರೆ, ಅಥವಾ ಹೊಸದೊಂದು ಆದಾಯವನ್ನು ಪೂರ್ತಿ ಸಾಲಕ್ಕೇ ಬಿಟ್ಟರೆ ತೀರುತ್ತದೆ.

ಎರಡು ತಪ್ಪು ಮಾಡಿದೆವು. ಮೊದಲ ಸಲ ಚೀಟಿ ದುಡ್ಡು 50,000 ಕಟ್ಟಿದಾಗ ಬ್ಯಾಂಕಿನವರು ಅವಧಿ ಇಳಿಸುವ ಬದಲು ಇಎಂಐ ಇಳಿಸಿಬಿಟ್ಟರು. ಐನೂರು ರೂಪಾಯಿಯಷ್ಟು ಕಡಿಮೆ ಕಟ್ ಆಗುತ್ತಿತ್ತು, ನಾನು ಮೂರು ತಿಂಗಳು ಗಮನಿಸಲೇ ಇಲ್ಲ. ಕೊನೆಗೆ ಅರ್ಜಿ ಕೊಟ್ಟು ಸರಿ ಮಾಡಿಸಿದೆ. ಪಾರ್ಟ್ ಪೇಮೆಂಟ್ ಮಾಡುವಾಗ "ಇಎಂಐ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರವಣಿಗೆಯಲ್ಲಿ ಕೊಡಿ. ಮುಂದಿನ ತಿಂಗಳು ಸ್ಟೇಟ್‌ಮೆಂಟ್ ತೆಗೆದು ನೋಡಿ.

ಎರಡನೆಯದು ದೊಡ್ಡದು. ಕೈಯಲ್ಲಿ ಏನೂ ಇಟ್ಟುಕೊಳ್ಳದೆ ಎಲ್ಲವನ್ನೂ ಸಾಲಕ್ಕೆ ಹಾಕುತ್ತಿದ್ದೆ. 2017ರಲ್ಲಿ ನಮ್ಮನೆಯವರಿಗೆ ಮೂರು ತಿಂಗಳು ಸಂಬಳ ಬರಲಿಲ್ಲ. ಲೋನಿಗೆ ಕಟ್ಟಿದ ದುಡ್ಡನ್ನು ವಾಪಸ್ ಕೊಡಿ ಅಂತ ಕೇಳುವ ಹಾಗಿಲ್ಲ. ನನ್ನ ಎರಡು ಬಳೆ ಗಿರವಿಗೆ ಹೋದವು. ಆಮೇಲಿಂದ ಆರು ತಿಂಗಳ ಇಎಂಐ ಆಗುವಷ್ಟು ದುಡ್ಡನ್ನು ಎಫ್‌ಡಿಯಲ್ಲಿ ಬೇರೆ ಇಟ್ಟೆ. ಅದನ್ನು ಮೊದಲು ಕೂಡಿಸಿ, ಆಮೇಲೆ ಪಾರ್ಟ್ ಪೇಮೆಂಟ್ ಶುರು ಮಾಡಿ. ಓವರ್‌ಡ್ರಾಫ್ಟ್ ಥರದ ಹೋಮ್ ಲೋನ್‌ಗಳೂ ಇವೆ. ಅದರಲ್ಲಿ ಹೆಚ್ಚಿಗೆ ಹಾಕಿದ ದುಡ್ಡಿಗೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ವಾಪಸ್ ತೆಗೆಯಲೂಬಹುದು. ಬಡ್ಡಿ ದರ ಕೊಂಚ ಜಾಸ್ತಿ ಇರಬಹುದು, ಕೇಳಿ ನೋಡಿ.

ಇನ್ನು ಜನ ಕೇಳುವ ಉಪಪ್ರಶ್ನೆಗಳು. "ಮೊದಲೇ ಕಟ್ಟಿದರೆ ದಂಡ ಹಾಕುವುದಿಲ್ವಾ?" ಫ್ಲೋಟಿಂಗ್, ಅಂದರೆ ಕಾಲಕಾಲಕ್ಕೆ ಏರಿಳಿಯುವ ಬಡ್ಡಿಯ ಮನೆ ಸಾಲಕ್ಕೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ. ಫಿಕ್ಸೆಡ್ ಬಡ್ಡಿಯದಾದರೆ ಅಗ್ರಿಮೆಂಟ್ ಓದಿ ನೋಡಬೇಕು.

"ಟ್ಯಾಕ್ಸ್ ಉಳಿಯುವುದು ತಪ್ಪಿಹೋಗಲ್ವಾ?" ಹಳೆ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ. 20% ಸ್ಲ್ಯಾಬಿನಲ್ಲಿ ಅದರಿಂದ ಉಳಿಯುವ ತೆರಿಗೆ ಸೆಸ್ ಸೇರಿ 41,600. ಅಷ್ಟು ಉಳಿಸಲು 2 ಲಕ್ಷ ಬಡ್ಡಿ ಕೊಡಬೇಕು. ಹೊಸ ಪದ್ಧತಿಗೆ ಹೋದವರಿಗೆ ವಾಸದ ಮನೆಗೆ ಆ ವಿನಾಯಿತಿಯೂ ಇಲ್ಲ.

"ಮೇಲಿನ ಮನೆ ಲೀಸಿಗೆ ಕೊಟ್ಟು ಆ ದುಡ್ಡಲ್ಲಿ ಲೋನ್ ತೀರಿಸಬಹುದಲ್ವಾ?" ನಮ್ಮ ಕಡೆ ಇದು ಎಲ್ಲರಿಗೂ ಹೊಳೆಯುವ ದಾರಿ. ಐದು ಲಕ್ಷ ಇಸಿದುಕೊಂಡು ಮೂರು ವರ್ಷ ಬಾಡಿಗೆ ಇಲ್ಲದೆ ಮನೆ ಬಿಟ್ಟುಕೊಡುವುದು. ನಾನು ಬೇಡ ಅನ್ನುತ್ತೇನೆ. ಮೂರು ವರ್ಷದ ಕೊನೆಗೆ ಆ ಐದು ಲಕ್ಷವನ್ನು ಒಟ್ಟಿಗೆ ವಾಪಸ್ ಕೊಡಬೇಕು, ಅದು ಅವರ ದುಡ್ಡು. ಹೊಸ ಲೀಸಿನವರು ಸಿಗದಿದ್ದರೆ ಮತ್ತೆ ಸಾಲ ಹುಡುಕಬೇಕು. ಬಾಡಿಗೆಯ ಅಡ್ವಾನ್ಸನ್ನೂ ನಾವು ಮುಟ್ಟಲಿಲ್ಲ.

"ಅದೇ ದುಡ್ಡು ಎಸ್‌ಐಪಿಗೆ ಹಾಕಿದ್ರೆ ಜಾಸ್ತಿ ಬರ್ತಿತ್ತಲ್ವಾ?" ಎಸ್‌ಐಪಿ ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ದುಡ್ಡು ಹಾಕುವುದು. ಬರುತ್ತಿತ್ತೇನೋ. ಆದರೆ 10.25% ಬಡ್ಡಿ ತಪ್ಪಿಸುವುದು ಅಂದರೆ 10.25% ಖಚಿತವಾಗಿ ಗಳಿಸಿದ ಹಾಗೆ, ಅದಕ್ಕೆ ತೆರಿಗೆಯೂ ಇಲ್ಲ. ಈಗ ನಿಮ್ಮ ಬಡ್ಡಿ ಅದಕ್ಕಿಂತ ತುಂಬಾ ಕಡಿಮೆ ಇದ್ದು, ಮಾರ್ಕೆಟ್ ಬಿದ್ದಾಗಲೂ ಎಸ್‌ಐಪಿ ನಿಲ್ಲಿಸದೆ ಇರುವ ಗಟ್ಟಿತನ ಇದ್ದರೆ ಅದನ್ನೇ ಮಾಡಿ, ನಾನು ಬೇಡ ಅನ್ನಲ್ಲ. ಪಿಎಫ್ ಮಾತ್ರ ಮುಟ್ಟಬೇಡಿ.

ಬಡ್ಡಿ ದರದ ಮೇಲೂ ಒಂದು ಕಣ್ಣಿರಲಿ. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಮನೆ ಸಾಲಗಳು ರೆಪೊದಂಥ (ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಿಕೊಂಡಿವೆ. ನಮ್ಮದು ಹಳೆಯ ಸಾಲ. ಅರ್ಜಿ ಹಾಕಿ, ಸ್ವಲ್ಪ ಫೀ ಕಟ್ಟಿ, 2020ರ ಶುರುವಿನಲ್ಲಿ ಬದಲಾಯಿಸಿಕೊಂಡೆವು. ಆ ವರ್ಷ ಮೇನಲ್ಲಿ ರೆಪೊ 4%ಗೆ ಇಳಿಯಿತು, ನಮ್ಮ ಬಡ್ಡಿಯೂ ಇಳಿಯಿತು. ಇಎಂಐ ಮಾತ್ರ ಇಳಿಸಬೇಡಿ ಅಂತ ಬರೆದುಕೊಟ್ಟೆ. ಆಮೇಲೆ 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರೆಪೊ 6.5%ಗೆ ಏರಿದಾಗ ಎಷ್ಟೋ ಜನರ ಸಾಲದ ಅವಧಿ ಅವರಿಗೆ ಗೊತ್ತಾಗದೆ ವರ್ಷಗಟ್ಟಲೆ ಉದ್ದ ಆಯಿತು. ಇಎಂಐ ಏರಿಸುವುದೋ ಅವಧಿ ಏರಿಸುವುದೋ ಅಂತ ಗ್ರಾಹಕರನ್ನು ಕೇಳಬೇಕು ಅಂತ ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಸೂಚನೆ ಕೊಟ್ಟಿದೆ. ಕೇಳದಿದ್ದರೆ ನೀವೇ ಹೋಗಿ ಕೇಳಿ.

ಕೊನೆಯ ಕಂತು ಕಟ್ಟಿದ ಮೇಲೂ ಕೆಲಸ ಇರುತ್ತದೆ. ನಮ್ಮ ಕ್ರಯಪತ್ರ ಕೈಗೆ ಬರಲು 47 ದಿನ ಆಯಿತು. ಹೆಡ್ ಆಫೀಸಿನಿಂದ ಬರಬೇಕು ಅಂತ ನಾಲ್ಕು ಸಲ ವಾಪಸ್ ಕಳಿಸಿದರು. ಈಗ ನಿಯಮ ಗಟ್ಟಿಯಾಗಿದೆ. 2023ರ ಡಿಸೆಂಬರ್ 1ರಿಂದ ಈಚೆಗೆ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಡಬೇಕು. ಅವರ ಕಡೆಯಿಂದ ತಡ ಆದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಸಾಲ ತೀರಿದ ಪತ್ರ ತೆಗೆದುಕೊಳ್ಳಿ, ಅಡಮಾನ ನೋಂದಣಿ ಆಗಿದ್ದರೆ ಅದರ ಬಿಡುಗಡೆಯನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಆಮೇಲೆ ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ ಇಸಿ (ಆಸ್ತಿಯ ಮೇಲೆ ಏನೇನು ನೋಂದಣಿ ಆಗಿದೆ ಅಂತ ತೋರಿಸುವ ಋಣಭಾರ ಪತ್ರ) ತೆಗೆಸಿ ನೋಡಿ.

ನಮ್ಮ ಇಸಿಯಲ್ಲಿ ಅಡಮಾನದ ಜೊತೆಗೆ ಬಿಡುಗಡೆಯದೂ ಒಂದು ಸಾಲು ಬಂದಿತ್ತು. ನಮ್ಮನೆಯವರು ಎರಡು ಪ್ರಿಂಟ್ ತೆಗೆಸಿಕೊಂಡು ಬಂದು ಒಂದನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೂ ಓದಿದರು. ಆಮೇಲೆ ಮಡಿಸಿ, ಮೇಲಿನ ಮನೆಯಿಂದ ತಾವೇ ಇಳಿಸಿಕೊಂಡು ಬಂದಿದ್ದ ದೇವರ ಫೋಟೋದ ಹಿಂದೆ ಇಟ್ಟರು. ಅದು ಈಗಲೂ ಅಲ್ಲೇ ಇದೆ.