ಡಿಸ್ಟ್ರಿಕ್ಟ್ 9 ನಿಂಗ್ಯಾಕೆ ಇಷ್ಟ ಇಲ್ಲ?

ಸೈಫೈ ಅಂದ್ರೆ ಊಟ ನಿದ್ದೆ ಬಿಡೋ ನಾನು ಡಿಸ್ಟ್ರಿಕ್ಟ್ 9 ಅಂದ್ರೆ ಮಾತ್ರ ಮುಖ ಸಿಂಡರಿಸ್ತೀನಿ, ಯಾಕೆ ಅಂತ ಫ್ರೆಂಡ್ಸ್ ಎಲ್ಲಾ ಕೇಳ್ತಾನೇ ಇರ್ತಾರೆ. 2009ರ ಸಿನಿಮಾ, ಬೆಸ್ಟ್ ಪಿಕ್ಚರ್ ಆಸ್ಕರ್‌ಗೆ ನಾಮಿನೇಟ್ ಆಗಿತ್ತು, ಏಲಿಯನ್‌ಗಳು ಎಂದಿನ ಹಾಗೆ ನ್ಯೂಯಾರ್ಕ್‌ಗೆ ಬರದೆ ಸೌತ್ ಆಫ್ರಿಕಾದ ಜೋಹಾನ್ಸ್‌ಬರ್ಗ್‌ಗೆ ಬರ್ತಾರೆ, ಇನ್ನೇನ್ ಬೇಕು ನಿಂಗೆ ಅಂತಾರೆ.

ಐಡಿಯಾ ಅದ್ಭುತ, ಒಪ್ತೀನಿ. ಅದೇ ದೇಶದ ಕೇಪ್ ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನೋ ಏರಿಯಾನ 1966ರಲ್ಲಿ ಬಿಳಿಯರಿಗೆ ಮಾತ್ರ ಅಂತ ಘೋಷಿಸಿ ಆಮೇಲೆ 60,000ಕ್ಕೂ ಹೆಚ್ಚು ಜನರನ್ನ ಎತ್ತಂಗಡಿ ಮಾಡಿದ್ರಲ್ಲ, ಆ ಸಂಕಟಾನೇ ಏಲಿಯನ್‌ಗಳ ಕಥೆಯಾಗಿ ಹೇಳ್ತಾರೆ. ಸಿಗಡಿ ಥರ ಇರೋ ಒಂದು ಏಲಿಯನ್ ತನ್ನ ಮಗುಗೋಸ್ಕರ ಒದ್ದಾಡೋದು ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ಆದ್ರೆ ಅದೇ ಸಿನಿಮಾದಲ್ಲಿ ನೈಜೀರಿಯಾದವರು ಏನ್ ಮಾಡ್ತಾರೆ ನೋಡಿ, ಏಲಿಯನ್‌ಗಳಿಗೆ ಬೆಕ್ಕಿನ ಫುಡ್ ಮಾರಿ ಆಯುಧ ಹೊಡ್ಕೊಳ್ಳೋದು, ವೇಶ್ಯಾವಾಟಿಕೆ ನಡೆಸೋದು, ಕೊನೆಗೆ ಶಕ್ತಿ ಬರುತ್ತೆ ಅಂತ ಏಲಿಯನ್ ಕೈಯಾಗಿ ಬದಲಾದ ಹೀರೋ ಕೈನೇ ಕಡಿದು ತಿನ್ನೋಕೆ ಹೊರಡೋದು. ಗ್ಯಾಂಗ್ ಲೀಡರ್ ಹೆಸರು ಬೇರೆ ಒಬೆಸಾಂಜೊ, ಆ ದೇಶದ ಮಾಜಿ ಅಧ್ಯಕ್ಷ ಒಬಾಸಾಂಜೊ ಹೆಸರಿಗೆ ತಾಗೋ ಹಾಗೆ. ನೈಜೀರಿಯಾದ ಆಗಿನ ವಾರ್ತಾ ಸಚಿವೆ ಡೋರಾ ಅಕುನ್ಯಿಲಿ ಥಿಯೇಟರ್‌ಗಳಿಗೆ ಪ್ರದರ್ಶನ ನಿಲ್ಲಿಸಿ ಅಂದ್ರು, ಸಿನಿಮಾ ಹಂಚಿದ ಸೋನಿ ಕಂಪನಿ ಕ್ಷಮೆ ಕೇಳ್ಬೇಕು ಅಂದ್ರು. ಬ್ಯಾನ್ ನಂಗಿಷ್ಟ ಇಲ್ಲ, ಆದ್ರೆ ಆ ಸಿಟ್ಟು ನ್ಯಾಯವಾದದ್ದೇ. ಅನ್ಯಗ್ರಹದವರಿಗೆ ತೋರಿಸಿದ ಕರುಣೆಲಿ ಒಂದು ಚೂರೂ ಈ ಭೂಮಿ ಮೇಲಿರೋ ನೈಜೀರಿಯಾದವರಿಗೆ ಇಲ್ವಲ್ಲ.

ಕಥೆ ತಾನೇ ಬಿಡು ಅಂತೀರ. 2008ರ ಮೇ ತಿಂಗಳಲ್ಲಿ ಸೌತ್ ಆಫ್ರಿಕಾದಲ್ಲಿ ವಲಸಿಗರ ಮೇಲೆ ದಾಳಿಯಾಗಿ 60ಕ್ಕೂ ಹೆಚ್ಚು ಜನ ಸತ್ತಿದ್ರು, ಮುಂದಿನ ವರ್ಷಾನೇ ಈ ಸಿನಿಮಾ ಬಂತು. ನಮ್ ಬೆಂಗಳೂರಲ್ಲೇ 2016ರಲ್ಲಿ ಸುಡಾನ್‌ನವನ ಕಾರು ಆಕ್ಸಿಡೆಂಟ್ ಮಾಡಿದ್ದಕ್ಕೆ ಅದಕ್ಕೆ ಸಂಬಂಧಾನೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಕೈಮಾಡ್ತು, ಆಫ್ರಿಕನ್ ಅಂದ್ರೆ ಎಲ್ಲಾ ಒಂದೇ ಅಂತ ತಲೆಲಿ ಕೂತಿದ್ರೆ ಆಗೋದೇ ಇದು.

ಅದಕ್ಕೇ ಕೇಳಿದವರಿಗೆಲ್ಲ ನೈಜೀರಿಯನ್-ಅಮೆರಿಕನ್ ಲೇಖಕಿ ನ್ನೆಡಿ ಒಕೊರಾಫೋರ್ ಬರೆದ ಲಗೂನ್ ಓದಿ ಅಂತೀನಿ, 2014ರ ಕಾದಂಬರಿ, ಡಿಸ್ಟ್ರಿಕ್ಟ್ 9 ನೋಡಿ ಆದ ಬೇಜಾರೇ ಇದನ್ನ ಬರೆಸಿದ್ದು. ಏಲಿಯನ್‌ಗಳು ನೈಜೀರಿಯಾದ ಲಾಗೋಸ್ ಕಡಲಿಗೆ ಇಳೀತಾರೆ, ಮೊದಲ ಪುಟಗಳಲ್ಲೇ ಒಂದು ಕತ್ತಿಮೀನು ಎಣ್ಣೆ ಪೈಪ್‌ಲೈನ್ ಮೇಲೆ ನುಗ್ಗುತ್ತೆ, ಲಾಗೋಸ್–ಬೆನಿನ್ ಹೈವೇನೇ ಜೀವ ಬಂದು ಎದ್ದು ಜನರನ್ನ ನುಂಗುತ್ತೆ. ಅದರಲ್ಲೂ ಕಳ್ಳರಿದ್ದಾರೆ, ಮೋಸದ ಪಾದ್ರಿ ಇದ್ದಾನೆ, ಜೊತೆಗೆ ವಿಜ್ಞಾನಿ, ಸೈನಿಕ, ಹಾಡುಗಾರನೂ ಇದ್ದಾರೆ. ಮುಗಿಸಿದ್ಮೇಲೆ ಟೇಡ್ ಥಾಂಪ್ಸನ್ ಅವರ ರೋಸ್‌ವಾಟರ್ ಹಿಡೀರಿ, ಏಲಿಯನ್ ಗುಮ್ಮಟದ ಸುತ್ತ ಬೆಳೆದ ನೈಜೀರಿಯಾದ ಒಂದು ಊರಿನ ಕಥೆ, ಸೈಫೈ ಕಾದಂಬರಿಗೆ ಕೊಡೋ 2019ರ ಆರ್ಥರ್ ಸಿ. ಕ್ಲಾರ್ಕ್ ಅವಾರ್ಡ್ ಅದಕ್ಕೇ ಬಂದಿದ್ದು.