ಮೈ ಬಗ್ಗದವರು ಯೋಗ ಕ್ಲಾಸಿಗೆ ಸೇರಬಹುದಾ?

ನಾನು ಯೋಗ ಹೇಳಿಕೊಡುತ್ತೇನೆ ಅಂತ ಗೊತ್ತಾದ ಕೂಡಲೇ ಹೆಚ್ಚಿನವರು ಕೇಳುವುದು ಇದನ್ನೇ: "ಬಗ್ಗಿದರೆ ನನ್ನ ಕೈ ಮಂಡಿ ದಾಟಲ್ಲ. ಮೊದಲು ಮನೆಯಲ್ಲೇ ಸ್ವಲ್ಪ ಮೈ ಸಡಿಲ ಮಾಡಿಕೊಂಡು ಆಮೇಲೆ ಕ್ಲಾಸಿಗೆ ಸೇರಲಾ?"

ಬೇಡ. ಈಗ ಹೇಗಿದ್ದೀರೋ ಹಾಗೇ ಬನ್ನಿ. ಮೈ ಬಿಗಿ ಇರುವವರಿಗೇ ಕ್ಲಾಸಿನ ಅಗತ್ಯ ಜಾಸ್ತಿ. ಎಲ್ಲಿ ಬಿಗಿದಿದೆ, ಆ ಬಿಗಿತ ತಪ್ಪಿಸಲು ಇನ್ನೆಲ್ಲಿ ಎಳೆದುಕೊಳ್ಳುತ್ತಿದ್ದೀರಿ ಅನ್ನುವುದು ಒಬ್ಬರೇ ಮಾಡುವಾಗ ಕಾಣುವುದಿಲ್ಲ.

ಪಶ್ಚಿಮೋತ್ತಾನಾಸನವನ್ನೇ ನೋಡಿ. ಕಾಲು ಚಾಚಿ ಕೂತು ಮುಂದಕ್ಕೆ ಬಾಗಬೇಕು. ಹೊಸಬರು ಹೇಗಾದರೂ ಕಾಲ್ಬೆರಳು ಹಿಡಿಯಲೇಬೇಕು ಅಂತ ಹೊರಡುತ್ತಾರೆ. ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗಿದ್ದರೆ ಅದು ಸೊಂಟವನ್ನು ಹಿಂದಕ್ಕೇ ಜಗ್ಗಿ ಹಿಡಿಯುತ್ತದೆ. ಸೊಂಟ ಬಾಗದಿದ್ದಾಗ ಬೆನ್ನು ಗೂನಾಗುತ್ತದೆ. ಕೈ ಬೆರಳಿಗೆ ತಾಗಿದರೂ ತಾಗೀತು, ಆದರೆ ಎಳೆತವೆಲ್ಲ ಕೆಳಬೆನ್ನಿಗೆ ಬಿದ್ದಿರುತ್ತದೆ. ಮರುದಿನ "ಯೋಗ ಮಾಡಿ ಬೆನ್ನು ನೋವು ಬಂತು" ಅನ್ನುವ ದೂರು ಬರುವುದು ಎಷ್ಟೋ ಸಲ ಇದರಿಂದಲೇ.

ಇದಕ್ಕೆ ನಾನು ಮಾಡಿಸುವುದು ಸಣ್ಣ ಬದಲಾವಣೆ. ಕಂಬಳಿಯನ್ನು ದಪ್ಪಗೆ ಮಡಿಸಿ ಅದರ ಅಂಚಿನ ಮೇಲೆ ಕೂರಿಸುತ್ತೇನೆ. ಮಂಡಿ ಸ್ವಲ್ಪ ಮಡಿಸಿಯೇ ಇರಲಿ ಅನ್ನುತ್ತೇನೆ. ಪಾದಕ್ಕೆ ಒಂದು ಬೆಲ್ಟ್ ಸುತ್ತಿ ಎರಡೂ ತುದಿ ಕೈಗೆ ಕೊಡುತ್ತೇನೆ. ಆಗ ಸೊಂಟ ಮುಂದಕ್ಕೆ ವಾಲಲು ಜಾಗ ಸಿಗುತ್ತದೆ, ಬೆನ್ನು ನೇರವಾಗುತ್ತದೆ. ತಲೆ ಕಾಲಿಂದ ಎಷ್ಟೋ ದೂರ ಇರುತ್ತದೆ. ಇರಲಿ ಬಿಡಿ, ಆಸನ ಆಗಿದೆ.

ಅಲ್ಲಿ ಅವಸರವೂ ಬೇಡ. ಸ್ನಾಯುವನ್ನು ಜರ್ಕ್ ಹೊಡೆದು ಎಳೆದರೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ಬಿಗಿಯುತ್ತದೆ. ನಿಧಾನಕ್ಕೆ ಹೋಗಿ, ಉಸಿರಾಡುತ್ತಾ ಅರ್ಧ ನಿಮಿಷ ನಿಂತರೆ ಬಿಡುತ್ತಾ ಬರುತ್ತದೆ.

ಬೆಲ್ಟು, ಕಂಬಳಿ, ಇಟ್ಟಿಗೆಯಾಕಾರದ ಬ್ಲಾಕು, ಕುರ್ಚಿ ಬಳಸುವುದು ಕೈಲಾಗದವರ ಯೋಗ ಅಂತ ಸಂಕೋಚಪಡುವವರಿದ್ದಾರೆ. ಇವುಗಳನ್ನು ಆಸನದ ಕಲಿಕೆಯ ನಡುಮಧ್ಯಕ್ಕೆ ತಂದವರು ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅವರಿಗೆ ಚಿಕ್ಕಂದಿನಲ್ಲೇ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಹೋಗಿದ್ದವು. ಹದಿಹರೆಯದಲ್ಲಿ ಮೈಸೂರಿಗೆ ಬಂದು ಯೋಗ ಗುರುವಾಗಿದ್ದ ಭಾವ ಕೃಷ್ಣಮಾಚಾರ್ಯರ ಹತ್ತಿರ ಆಸನ ಕಲಿಯಲು ಶುರು ಮಾಡಿದಾಗ ಅವರದು ಸೊರಗಿದ ಮೈ. ಜಗತ್ತಿಗೇ ಆಸನ ಕಲಿಸಿದವರ ಆರಂಭ ಅದು.

ಇನ್ನು ಯಾವ ಕ್ಲಾಸು? ಹೊಸಬರ ಬ್ಯಾಚ್ ಇದೆಯಾ ಅಂತ ಮೊದಲು ಕೇಳಿ. ಹಠಯೋಗ ಅಂತ ಹೆಸರಿಟ್ಟ ಕ್ಲಾಸುಗಳು ಸಾಮಾನ್ಯವಾಗಿ ನಿಧಾನ. ಅಷ್ಟಾಂಗ ವಿನ್ಯಾಸ, ಪವರ್ ಯೋಗ ಇವೆಲ್ಲ ವೇಗದವು. ಒಂದರ ಹಿಂದೆ ಒಂದು ಆಸನ ಬರುತ್ತದೆ, ಕೈ ಕಾಲು ಎಲ್ಲಿಡಬೇಕು ಅಂತ ತಿಳಿಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಸದ್ಯಕ್ಕೆ ಬಿಡಿ.

ಒಳ್ಳೆಯ ಟೀಚರನ್ನು ಗುರುತಿಸುವುದು ನನ್ನ ಲೆಕ್ಕದಲ್ಲಿ ಅವರು ಕೇಳುವ ಪ್ರಶ್ನೆಯಿಂದ. ಬಿಪಿ ಇದೆಯಾ, ಬೆನ್ನು ಮಂಡಿ ನೋವಿದೆಯಾ, ಆಪರೇಷನ್ ಆಗಿದೆಯಾ, ಗರ್ಭಿಣಿಯಾ ಅಂತ ವಿಚಾರಿಸಬೇಕು. ವಿಚಾರಿಸದಿದ್ದರೆ ನೀವೇ ಹೇಳಿ, ಮುಚ್ಚಿಡಬೇಡಿ. ಬಿಪಿ ಜಾಸ್ತಿ ಇರುವವರಿಗೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರಿಗೆ ಶೀರ್ಷಾಸನ ಸಲ್ಲದು. ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿಯೇ ಬನ್ನಿ. ಮುಟ್ಟಬೇಡಿ ಅಂದರೂ ಬೆನ್ನ ಮೇಲೆ ಕೈಯಿಟ್ಟು ಒತ್ತುವ ಟೀಚರ್ ಸಿಕ್ಕರೆ ಆ ಕ್ಲಾಸನ್ನು ಅಲ್ಲಿಗೇ ಬಿಡಿ, ಅವರೆಷ್ಟೇ ಹೆಸರುವಾಸಿಯಾಗಿರಲಿ.

ಎಲ್ಲಿಯವರೆಗೆ ಎಳೆಯಬೇಕು ಅನ್ನುವುದಕ್ಕೆ ಉಸಿರೇ ಅಳತೆ. ಉಸಿರು ಕಟ್ಟಿತು, ಹಲ್ಲು ಕಚ್ಚಿದಿರಿ ಅಂದರೆ ಮುಂದೆ ಹೋಗಿದ್ದು ಜಾಸ್ತಿಯಾಯಿತು, ಸ್ವಲ್ಪ ಹಿಂದೆ ಬನ್ನಿ. ಸ್ನಾಯುವಿನ ನಡುವೆ ಎಳೆದ ಹಾಗಾದರೆ ಪರವಾಗಿಲ್ಲ. ಮಂಡಿಯಲ್ಲೋ ಭುಜದ ಕೀಲಿನಲ್ಲೋ ಚುಚ್ಚಿದ ಹಾಗಾದರೆ, ಜುಮ್ಮೆಂದರೆ, ತಕ್ಷಣ ನಿಲ್ಲಿಸಿ. ಪಕ್ಕದವರು ಇನ್ನೂ ಬಗ್ಗುತ್ತಿದ್ದರೆ ಬಗ್ಗಲಿ, ಅವರ ಮೂಳೆಯ ರಚನೆಯೇ ಬೇರೆ ಇರುತ್ತದೆ ಅಲ್ವಾ?

ಊಟ ಮಾಡಿ ಮೂರು ಗಂಟೆಯಾದರೂ ಆಗಿರಲಿ. ವಾರಕ್ಕೆ ಎರಡು ಮೂರು ಕ್ಲಾಸು ಸಾಕು, ಮಿಕ್ಕ ದಿನ ಮನೆಯಲ್ಲಿ ಕಲಿತದ್ದನ್ನೇ ಹತ್ತು ಹದಿನೈದು ನಿಮಿಷ ಮಾಡಿ. ಮೊದಲ ದಿನ ಸ್ವಲ್ಪ ಬೇಗ ಹೋಗಿ ಟೀಚರ್ ಜೊತೆ ಮಾತಾಡಿ. ಮ್ಯಾಟನ್ನು ಕೊನೆಯ ಸಾಲಿನಲ್ಲಲ್ಲ, ನಡುವಿನ ಸಾಲಿನಲ್ಲಿ ಹಾಕಿ. ಆಸನದಲ್ಲಿ ಯಾವ ಕಡೆ ತಿರುಗಿದರೂ ನೋಡಿಕೊಂಡು ಮಾಡಲು ಕಣ್ಣೆದುರು ಯಾರಾದರೂ ಇರುತ್ತಾರೆ.